ಟ್ಯಾಂಕಿಗೆ ಕೆಸರು ಬೇಕು



ಜನವರಿ 26ರ ವಸ್ತು ಪ್ರದರ್ಶನಕ್ಕೆ ಇಡುವ ಪ್ಲಾಸ್ಟಿಕ್ ಟ್ಯಾಂಕಿನ ಬಣ್ಣದ ವಿಷಯದಲ್ಲಿ ನಮ್ಮ ತರಗತಿ ಈಗ ಎರಡು ಪಕ್ಷವಾಗಿದೆ. ಒಂದು ಪಕ್ಷದವರು, “ಹೊಸ ಗಾಡಿ ಥರ ಥಳಥಳ ಅನ್ನಬೇಕು, ಮೇಲೊಂದು ಕೈ ವಾರ್ನಿಷ್ ಹೊಡೀಬೇಕು” ಅಂತಾರೆ. ಇನ್ನೊಂದು ಪಕ್ಷದವರು, “ಧೂಳು, ಕೆಸರು, ಸವೆತ ಎಲ್ಲಾ ಕಾಣಬೇಕು” ಅಂತಾರೆ. ನಾನು ಎರಡನೇ ಪಕ್ಷದವಳು. ಬರುವ ಶನಿವಾರ ಕೈ ಎತ್ತಿ ತೀರ್ಮಾನ ಮಾಡೋದಿದೆ. ಬಣ್ಣದ ಶೀಶೆ ಇರೋದು ಒಂದೊಂದೇ. ಒಮ್ಮೆ ಹಚ್ಚಿದರೆ ಮುಗೀತು, ಆಮೇಲೆ ಆ ಟ್ಯಾಂಕು ಶಾಲೆಯ ಗಾಜಿನ ಬೀರುವಿನಲ್ಲಿ ವರ್ಷಗಟ್ಟಲೆ ಹಾಗೇ ಇರುತ್ತದೆ. ಆದ್ದರಿಂದ ಕೈ ಎತ್ತುವ ಮೊದಲು ಇದನ್ನು ಓದಿ ಎಂದು ಕೇಳಿಕೊಳ್ಳುತ್ತೇನೆ.

ಬೇರೆ ತರಗತಿಯವರಿಗೆ ಸ್ವಲ್ಪ ವಿವರ ಹೇಳಬೇಕು. ಇದು ಅಂಗಡಿಯಲ್ಲಿ ಸಿಗುವ ಕೀಲಿ ಕೊಡುವ ಆಟಿಕೆ ಅಲ್ಲ. ನಮ್ಮೂರಿನ ನಿವೃತ್ತ ಸೈನಿಕರೊಬ್ಬರು ಶಾಲೆಗೆ ಕೊಟ್ಟ ಡಬ್ಬಿಯಲ್ಲಿ ಇದ್ದದ್ದು ಬರೀ ಬಿಡಿ ತುಂಡುಗಳು, ಪ್ಲಾಸ್ಟಿಕ್ ಚೌಕಟ್ಟಿಗೆ ಕಚ್ಚಿಕೊಂಡಿದ್ದವು. ಅವನ್ನು ಉಗುರು ಕಟರ್‌ನಿಂದ ಬಿಡಿಸಿ, ಪಾಲಿಷ್ ಪೇಪರಿನಲ್ಲಿ ಉಜ್ಜಿ, ನಕ್ಷೆಯಲ್ಲಿ ನಂಬರ್ ನೋಡಿ ಜೋಡಿಸಿದ್ವಿ. ಅದರ ಅಂಟು ನಮ್ಮ ಗೋಂದಿನ ಹಾಗಲ್ಲ. ಅದು ಪ್ಲಾಸ್ಟಿಕ್ಕನ್ನೇ ಸ್ವಲ್ಪ ಕರಗಿಸಿ ಎರಡು ತುಂಡನ್ನು ಒಂದಾಗಿ ಬೆಸೆಯುತ್ತದೆ. ವಾಸನೆ ಬಹಳ, ಕಿಟಕಿ ತೆರೆದಿಟ್ಟೇ ಕೆಲಸ ಮಾಡಬೇಕು.

ಇದರ ಅಳತೆ 1:35. ಅಂದರೆ ನಿಜವಾದ ಟ್ಯಾಂಕಿನ 35 ಸೆಂಟಿಮೀಟರ್ ನಮ್ಮದರಲ್ಲಿ 1 ಸೆಂಟಿಮೀಟರ್. ಈ 35 ಎಲ್ಲಿಂದ ಬಂತು ಅಂತ ಗಣಿತದ ಮೇಷ್ಟ್ರು ಕೇಳಿದ್ದರು. 1960ರ ದಶಕದ ಆರಂಭದಲ್ಲಿ ಜಪಾನಿನ ತಾಮಿಯಾ ಕಂಪನಿ ಮೊದಲ ಟ್ಯಾಂಕ್ ಮಾದರಿ ಮಾಡುವಾಗ, ಒಳಗೆ ಮೋಟಾರು ಮತ್ತು ಬ್ಯಾಟರಿ ಸೆಲ್ಲು ಹಿಡಿಸುವಷ್ಟು ದೊಡ್ಡದಾಗಿ ಮಾಡಿತು. ಆಮೇಲೆ ಅಳೆದು ನೋಡಿದರೆ ಸುಮಾರು 35ರಲ್ಲಿ ಒಂದು ಭಾಗ ಆಗಿತ್ತು. ಅದೇ ಲೋಕಕ್ಕೆಲ್ಲ ರೂಢಿಯಾಯಿತು!

ನಮ್ಮದು ಸ್ಟುವರ್ಟ್ ಎಂಬ ಹಗುರ ಟ್ಯಾಂಕು. ಹಗುರ ಅಂದರೂ ನಿಜವಾದದ್ದು ಸುಮಾರು 15 ಟನ್ ತೂಕ, ಸುಮಾರು 5 ಮೀಟರ್ ಉದ್ದ. ನಮ್ಮ ಮಾದರಿ 14 ಸೆಂಟಿಮೀಟರ್, ಒಂದು ಹೊಸ ಪೆನ್ಸಿಲ್ಲಿಗಿಂತ ಗಿಡ್ಡ. ಅಮೆರಿಕದಲ್ಲಿ ತಯಾರಾದ ಈ ಟ್ಯಾಂಕುಗಳು ಎರಡನೇ ಮಹಾಯುದ್ಧದ ಕಾಲದಲ್ಲಿ ನಮ್ಮ ಸೈನ್ಯಕ್ಕೆ ಬಂದವು. ಪ್ರದರ್ಶನದಲ್ಲಿ ಇದರ ಕೆಳಗೆ ‘ಜೋಜಿಲಾ, 1948’ ಎಂದು ಚೀಟಿ ಬರೆಯಬೇಕೆಂದು ಎರಡೂ ಪಕ್ಷದವರು ಒಪ್ಪಿದ್ದೇವೆ. ನನ್ನ ವಾದ ಇರುವುದು ಇಲ್ಲೇ. ಆ ಹೆಸರು ಬರೆದ ಮೇಲೆ ಹೊಳೆಯುವ ಬಣ್ಣ ಹಚ್ಚುವುದು ಸುಳ್ಳು ಹೇಳಿದಂತೆ.

ಯಾಕೆ ಅಂತ ಹೇಳುತ್ತೇನೆ. ಕಾಶ್ಮೀರದಿಂದ ಲಡಾಖಿಗೆ ಹೋಗುವ ಜೋಜಿಲಾ ಕಣಿವೆ ಇರುವುದು 11,500 ಅಡಿಗೂ ಎತ್ತರದಲ್ಲಿ. 1948ರಲ್ಲಿ ಅದು ಶತ್ರುಗಳ ಕೈಯಲ್ಲಿತ್ತು, ಲೇಹ್‌ಗೆ ದಾರಿ ಮುಚ್ಚಿತ್ತು. ಅಲ್ಲಿ ಸೈನ್ಯದ ಮುಖ್ಯಸ್ಥರಾಗಿದ್ದವರು ನಮ್ಮ ಮಡಿಕೇರಿಯಲ್ಲಿ ಹುಟ್ಟಿದ ಮೇಜರ್ ಜನರಲ್ ತಿಮ್ಮಯ್ಯನವರು. ಅಷ್ಟು ಎತ್ತರಕ್ಕೆ ಟ್ಯಾಂಕು ಬರುತ್ತದೆ ಎಂದು ಯಾರೂ ಎಣಿಸದಿದ್ದಾಗ ಅವರು ಟ್ಯಾಂಕು ತರಿಸಿದರು. 7ನೇ ಕ್ಯಾವಲ್ರಿಯ ಸ್ಟುವರ್ಟ್ ಟ್ಯಾಂಕುಗಳ ಮೇಲಿನ ಗೋಪುರವನ್ನು ಬಿಚ್ಚಿ, ಗುಟ್ಟಾಗಿ ಬಾಲ್ಟಾಲ್‌ಗೆ ಸಾಗಿಸಿದರು. ನಮ್ಮ ಮಾದರಿಯ ಗೋಪುರವನ್ನೂ ತಿರುಗಿಸಿ ಎತ್ತಿದರೆ ಕೈಗೆ ಬರುತ್ತದೆ, ನೋಡಿದ್ದೀರಲ್ಲ? ಬಾಲ್ಟಾಲ್‌ನಿಂದ ಮೇಲಕ್ಕೆ ಇದ್ದದ್ದು ಹೇಸರಗತ್ತೆ ನಡೆಯುವ ದಾರಿ. ಅದನ್ನು ಟ್ಯಾಂಕು ಹತ್ತುವಂತೆ ಅಗಲ ಮಾಡಿದವರು ಮದ್ರಾಸ್ ಸ್ಯಾಪರ್ಸ್ ಸೈನಿಕರು. ಅವರ ಕೇಂದ್ರ ಇರುವುದು ಬೆಂಗಳೂರಿನ ಹಲಸೂರು ಕೆರೆ ಹತ್ತಿರ. 1948ರ ನವೆಂಬರ್ 1ರಂದು ಟ್ಯಾಂಕುಗಳು ಕಣಿವೆ ಹತ್ತಿದವು. ಎಲ್ಲಕ್ಕಿಂತ ಮುಂದಿನ ಟ್ಯಾಂಕಿನಲ್ಲಿ ತಿಮ್ಮಯ್ಯನವರೇ ಕೂತಿದ್ದರು. ಅದೇ ತಿಂಗಳಲ್ಲಿ ಲೇಹ್‌ಗೆ ದಾರಿ ತೆರೆಯಿತು.

ಈಗ ಹೇಳಿ. ಬೆಟ್ಟ ಕಡಿದ ದಾರಿಯಲ್ಲಿ, ಹಿಮದಲ್ಲಿ, ಕಲ್ಲಿನಲ್ಲಿ ಹತ್ತಿದ ಗಾಡಿ ಮದುವೆ ಕಾರಿನ ಹಾಗೆ ಹೊಳೀತಿತ್ತಾ? ಆ ಕೆಸರು ಸ್ಯಾಪರ್ಸ್‌ನವರ ಕೆಲಸದ ಗುರುತು. ಅದನ್ನು ಒರೆಸಿ ಹಾಕಿದರೆ ದಾರಿ ಮಾಡಿದವರನ್ನೇ ಒರೆಸಿ ಹಾಕಿದಂತೆ.

“ಕೆಸರು ಮೆತ್ತಿದರೆ ಗಲೀಜು ಕಾಣುತ್ತೆ, ಬಹುಮಾನ ಬರಲ್ಲ” ಅನ್ನುವವರಿಗೆ ನನ್ನ ಉತ್ತರ ಇದು. ಸಿಕ್ಕಾಪಟ್ಟೆ ಮೆತ್ತಿದರೆ ಗಲೀಜೇ. ಆದರೆ ಕೆಸರಿಗೂ ಒಂದು ಲೆಕ್ಕ ಇದೆ. ಗದ್ದೆ ಉತ್ತು ಬಂದ ಟ್ರ್ಯಾಕ್ಟರನ್ನು ನಿಂತು ನೋಡಿ. ಚಕ್ರದ ಸಂದಿಯಲ್ಲಿ, ಹೊಟ್ಟೆಯ ಕೆಳಗೆ ಹಸಿ ಕೆಸರು. ಅದರ ಮೇಲೆ ಒಣಗಿದ ಚಿಟ್ಟು. ಬಾನೆಟ್ ಮೇಲೆ ಬರೀ ಧೂಳು. ಡ್ರೈವರ್ ಕಾಲಿಟ್ಟು ಹತ್ತುವ ಕಡೆ ಬಣ್ಣ ಸವೆದು ಕಬ್ಬಿಣ ಮಿಂಚುತ್ತದೆ. ಟ್ಯಾಂಕಿನಲ್ಲೂ ಹಾಗೇ. ಇದನ್ನು ಪಟ್ಟಣದ ಮಕ್ಕಳು ಪುಸ್ತಕ ನೋಡಿ ಕಲೀಬೇಕು, ನಮಗೆ ಮನೆ ಮುಂದೆಯೇ ಇದೆ.

ಮಾಡುವ ಕ್ರಮ ಹೀಗೆ. ಮೊದಲು ಹಸಿರು ಬಣ್ಣ ಹಚ್ಚಿ ಪೂರ್ತಿ ಒಣಗಲು ಬಿಡಬೇಕು. ನಂತರ ಕಡು ಕಂದು ಬಣ್ಣವನ್ನು ನೀರಿನಷ್ಟು ತೆಳ್ಳಗೆ ಮಾಡಿ ಹಚ್ಚಿದರೆ ಅದು ಸಂದುಗಳಿಗೆ ಇಳಿಯುತ್ತದೆ, ಉಬ್ಬಿದ ಕಡೆ ಬಟ್ಟೆಯಿಂದ ಒರೆಸಬೇಕು. ಆಮೇಲೆ ಬ್ರಷ್ಷಿಗೆ ತಿಳಿ ಬಣ್ಣ ತಗೊಂಡು, ಬಟ್ಟೆಗೆ ಒರೆಸಿ ಒರೆಸಿ, ಇನ್ನು ಬಣ್ಣವೇ ಇಲ್ಲ ಅನ್ನುವಾಗ ಅಂಚುಗಳ ಮೇಲೆ ಆಡಿಸಬೇಕು. ಸವೆತ ತಾನಾಗಿ ಕಾಣುತ್ತದೆ. ಕೊನೆಗೆ ಕೆಸರು. ನಮ್ಮೂರ ಕೆಮ್ಮಣ್ಣು ಬೇಡ, ಅದು ಜೋಜಿಲಾದ ಮಣ್ಣಲ್ಲ. ಒಲೆಯ ಬೂದಿ ಬೆರೆಸಿದ ಮಣ್ಣನ್ನು ತೆಳು ಬಟ್ಟೆಯಲ್ಲಿ ಸೋಸಿ ಮುಖದ ಪೌಡರಿನಷ್ಟು ನುಣ್ಣಗೆ ಮಾಡಬೇಕು. ನಮ್ಮ ಮಾದರಿಯಲ್ಲಿ 1 ಮಿಲಿಮೀಟರ್ ಕೆಸರು ಅಂದರೆ ನಿಜದಲ್ಲಿ ಮೂರೂವರೆ ಸೆಂಟಿಮೀಟರ್. ಅದಕ್ಕಿಂತ ದಪ್ಪ ಬೇಡ. ಹತ್ತಿಯನ್ನು ಹಿಮ ಅಂತ ಗುಡ್ಡೆ ಹಾಕುವುದೂ ಬೇಡ.

ಡಬ್ಬಿಯಲ್ಲಿರುವ ಅಮೆರಿಕ ಸೈನ್ಯದ ಸ್ಟಿಕ್ಕರುಗಳನ್ನೂ ಅಂಟಿಸಬಾರದು. ಚೆಂದ ಇವೆ, ನಿಜ. ಆದರೆ ಜೋಜಿಲಾ ಹತ್ತಿದವರು ಅಮೆರಿಕದವರಲ್ಲ.

ಇನ್ನೊಂದು ಮಾತು ಬಂದಿದೆ. “ಶಾಲೆಯಲ್ಲಿ ಯುದ್ಧದ ಗೊಂಬೆ ಯಾಕೆ?” ಎಂದು ಹಿರಿಯ ಟೀಚರ್ ಒಬ್ಬರು ಕೇಳಿದರು. ಪ್ರಶ್ನೆ ಸರಿಯಾಗಿಯೇ ಇದೆ. ಹೊಳೆಯುವ ಟ್ಯಾಂಕು ಇಟ್ಟರೆ ಅವರ ಮಾತೇ ನಿಜ, ಚಿಕ್ಕ ಮಕ್ಕಳು ಸಿನಿಮಾ ಥರ “ಢಂ ಢಂ” ಅಂತ ಆಡುತ್ತಾರೆ. ಆದರೆ ಇದನ್ನು ಕೈಯಾರೆ ಕಟ್ಟಿದವರಿಗೆ ಬೇರೆಯೇ ಗೊತ್ತಾಗುತ್ತದೆ. ಇದರೊಳಗೆ ನಾಲ್ಕು ಜನ ಕೂರಬೇಕು, ಮುಂದೆ ಇಬ್ಬರು, ಗೋಪುರದಲ್ಲಿ ಇಬ್ಬರು. ಐದೂವರೆ ಅಡಿ ಮನುಷ್ಯ ಈ ಅಳತೆಯಲ್ಲಿ 5 ಸೆಂಟಿಮೀಟರ್ ಕೂಡ ಇಲ್ಲ, ಆದರೂ ಆ ಜಾಗದಲ್ಲಿ ಮಂಡಿ ಮಡಚದೆ ಹಿಡಿಸುವುದಿಲ್ಲ. ಆ ಚಳಿಯಲ್ಲಿ, ಆ ಕಬ್ಬಿಣದ ಡಬ್ಬಿಯಲ್ಲಿ ಕೂತವರಿಗೆ ಹೇಗಾಗಿರಬೇಡ! ಕೆಸರು ಬಳಿದ ಟ್ಯಾಂಕು ನೋಡಿದವರು “ಒಳಗೆ ಯಾರಿದ್ದರು?” ಅಂತ ಕೇಳುತ್ತಾರೆ. ಹೊಳೆಯುವ ಟ್ಯಾಂಕು ನೋಡಿದವರು “ಎಷ್ಟು ದುಡ್ಡು?” ಅಂತ ಕೇಳುತ್ತಾರೆ.

ಡಬ್ಬಿ ಕೊಟ್ಟ ಹಿರಿಯರು ಪ್ರದರ್ಶನಕ್ಕೆ ಬರುವವರಿದ್ದಾರೆ. ಸೈನ್ಯದಲ್ಲಿ ದುಡಿದ ಅವರ ಕಣ್ಣಿಗೆ ಯಾವುದು ನಿಜ, ಯಾವುದು ಸುಳ್ಳು ಅಂತ ಒಂದೇ ನೋಟಕ್ಕೆ ತಿಳಿಯುತ್ತದೆ. ಬಹುಮಾನ ಬಂದರೆ ಸಂತೋಷ, ಬರದಿದ್ದರೂ ಚಿಂತೆ ಇಲ್ಲ. ಅವರ ಮುಂದೆ ನಾವು ತಲೆ ತಗ್ಗಿಸಬಾರದು.

ಇದು ನನ್ನ ಅಭಿಪ್ರಾಯ. ಒಪ್ಪದವರು ಈ ಹಾಳೆಯ ಪಕ್ಕದಲ್ಲೇ ಬರೆದು ಅಂಟಿಸಿ, ಜಾಗ ಬಿಟ್ಟಿದ್ದೇವೆ. ಒಪ್ಪಿದವರು ಶನಿವಾರ ಕೈ ಎತ್ತಿ. ಹಾಗೇ ಬರುವಾಗ ಮನೆಯಿಂದ ಒಂದು ಹಿಡಿ ಒಲೆ ಬೂದಿ ತನ್ನಿ.

– 9ನೇ ತರಗತಿಯ ಒಬ್ಬ ವಿದ್ಯಾರ್ಥಿನಿ