ಯುದ್ಧವಿಮಾನ ತರಿಸಿ, ಆದರೆ ಮೊದಲು ಸೂರು ಕಟ್ಟಿಸಿ
ವಿಜಯನಗರ ಜಿಲ್ಲಾಧಿಕಾರಿಗಳಿಗೆ ಒಂದು ಬಹಿರಂಗ ಪತ್ರ

ಮಾನ್ಯ ಜಿಲ್ಲಾಧಿಕಾರಿಗಳೇ,

2025ರ ಸೆಪ್ಟೆಂಬರ್ 26ರಂದು ಚಂಡೀಗಡದಲ್ಲಿ ಮಿಗ್-21 ಯುದ್ಧವಿಮಾನಗಳು ವಾಯುಪಡೆಯಿಂದ ನಿವೃತ್ತವಾದವು. ಹೀಗೆ ಸೇವೆ ಮುಗಿಸಿದ ವಿಮಾನಗಳನ್ನು ಊರುಗಳಿಗೂ ಶಿಕ್ಷಣ ಸಂಸ್ಥೆಗಳಿಗೂ ಪ್ರದರ್ಶನಕ್ಕೆ ಕೊಡುವ ರೂಢಿ ನಮ್ಮಲ್ಲಿದೆ. ಹೊಸಪೇಟೆಗೂ ಒಂದನ್ನು ಕೇಳಿ ಎಂಬುದು ನನ್ನ ಮನವಿ. ಆದರೆ ಸರ್ಕಲ್ಲಿನ ನಡುವೆ ಕಂಬದ ಮೇಲೆ ಏರಿಸಿ, ಉದ್ಘಾಟನೆ ಮಾಡಿ ಮರೆತುಬಿಡುವುದಾದರೆ ಅದು ಬೇಡವೇ ಬೇಡ.

ಬೆಂಗಳೂರಿನ ಕಸ್ತೂರಬಾ ರಸ್ತೆಯಲ್ಲಿರುವ ವಿಶ್ವೇಶ್ವರಯ್ಯ ವಸ್ತುಸಂಗ್ರಹಾಲಯದ ಅಂಗಳದಲ್ಲಿ ಎಚ್‌ಎಫ್-24 ಮಾರುತ ಎಂಬ ಯುದ್ಧವಿಮಾನ ನಿಂತಿದೆ. ಶಾಲಾ ಪ್ರವಾಸಕ್ಕೆ ಹೋದ ನಮ್ಮ ಕಡೆಯ ಮಕ್ಕಳು ಅದರ ಮುಂದೆ ಫೋಟೊ ತೆಗೆಸಿಕೊಂಡು ಬರುತ್ತಾರೆ. ಅದು ಬೆಂಗಳೂರಿನಲ್ಲೇ, ಎಚ್‌ಎಎಲ್‌ನಲ್ಲಿ ಹುಟ್ಟಿದ್ದು. 1956ರಲ್ಲಿ ಬಂದ ಜರ್ಮನ್ ವಿನ್ಯಾಸಕಾರ ಕುರ್ಟ್ ಟ್ಯಾಂಕ್ ಅವರ ಮುಂದಾಳತ್ವದಲ್ಲಿ ನಮ್ಮ ಎಂಜಿನಿಯರುಗಳು ರೂಪಿಸಿದರು. 1961ರ ಜೂನ್ 17ರಂದು ವಿಂಗ್ ಕಮಾಂಡರ್ ಸುರಂಜನ್ ದಾಸ್ ಮೊದಲ ಬಾರಿ ಹಾರಿಸಿದರು. ಶಬ್ದದ ಎರಡು ಪಟ್ಟು ವೇಗಕ್ಕೆಂದು ಯೋಚಿಸಿದ ವಿಮಾನ ಅದು. ಅದಕ್ಕೆ ತಕ್ಕ ಎಂಜಿನ್ ಕೊನೆಗೂ ಸಿಗಲಿಲ್ಲ. ಕಡಿಮೆ ಬಲದ ಆರ್ಫಿಯಸ್ ಎಂಜಿನ್‌ನಲ್ಲೇ ಹಾರಬೇಕಾಯಿತು. ಹಾಗಿದ್ದೂ 1971ರ ಯುದ್ಧದಲ್ಲಿ ರಾಜಸ್ಥಾನದ ಗಡಿಯಲ್ಲಿ ಅದು ತನ್ನ ಕೆಲಸ ಮಾಡಿತು. ಎಂಜಿನ್ನಿನ ಬಲ ಹೆಚ್ಚಿಸಿದ ಮಾದರಿಯೊಂದನ್ನು ಪರೀಕ್ಷಿಸುವಾಗ, 1970ರ ಜನವರಿ 10ರಂದು, ಸುರಂಜನ್ ದಾಸ್ ಬೆಂಗಳೂರಿನಲ್ಲೇ ಪ್ರಾಣ ಬಿಟ್ಟರು. ಅವರ ಹೆಸರಿನ ರಸ್ತೆಯಲ್ಲಿ ದಿನವೂ ಓಡಾಡುವವರಲ್ಲಿ ಎಷ್ಟು ಮಂದಿಗೆ ಇದು ಗೊತ್ತು? ಒಟ್ಟು 147 ಮಾರುತಗಳು ತಯಾರಾದವು. 1990ರ ಹೊತ್ತಿಗೆ ಎಲ್ಲವೂ ನಿವೃತ್ತವಾದವು. ಗೆಲುವು, ಕೊರತೆ, ಬಲಿದಾನ ಮೂರೂ ಬೆರೆತ ಈ ಕಥೆಯನ್ನು ಹೊಸಪೇಟೆಯ ಮಗುವೊಂದು ಕನ್ನಡದಲ್ಲಿ ಓದಬೇಕು. ನಾನು ವಿಮಾನ ಕೇಳುತ್ತಿರುವುದು ಅದಕ್ಕಾಗಿ. ಮಾರುತವೇ ಸಿಗುವುದು ಕಷ್ಟ, ಉಳಿದಿರುವವು ಕೆಲವೇ. ಮಿಗ್ ಬಂದರೂ ಸರಿ, ಪಕ್ಕದ ಫಲಕದಲ್ಲಿ ಮಾರುತದ ಕಥೆಗೂ ಜಾಗ ಕೊಡಿ.

ಇನ್ನು ಸೂರಿನ ಮಾತು. ಹಂಪಿಯ ಪಕ್ಕದಲ್ಲಿ ಬಾಳುವ ನಮಗೆ ಪರಂಪರೆ ಎಂದರೆ ಬಯಲಲ್ಲಿ ನಿಂತ ಕಲ್ಲು. ವಿಠ್ಠಲ ದೇವಾಲಯದ ಕಲ್ಲಿನ ರಥ ಶತಮಾನಗಳ ಬಿಸಿಲು ಮಳೆ ತಡೆದು ನಿಂತು, ಇಂದು 50 ರೂಪಾಯಿ ನೋಟಿನಲ್ಲೂ ಇದೆ. ವಿಮಾನ ಹಾಗೆ ನಿಲ್ಲಲಾರದು. ಅದರ ಅಲ್ಯೂಮಿನಿಯಂಗೆ ಗಟ್ಟಿತನ ಬರಲೆಂದು ತಾಮ್ರ ಬೆರೆಸಿರುತ್ತಾರೆ, ಆ ಬೆರಕೆಯೇ ಅದನ್ನು ಬೇಗ ಸವೆಸುತ್ತದೆ. ಉಕ್ಕಿನ ಬೋಲ್ಟು ಅಲ್ಯೂಮಿನಿಯಂಗೆ ತಾಗಿದ ಕಡೆ ತೇವ ಕೂತರೆ ಸವೆತ ಅಲ್ಲಿಂದಲೇ ಶುರು. ಪೈಲಟ್ ಕೂರುವ ಜಾಗದ ಪಾರದರ್ಶಕ ಮುಚ್ಚಳ ಬಿಸಿಲಿಗೆ ಮಬ್ಬಾಗಿ ಬಿರುಕು ಬಿಡುತ್ತದೆ. ಗಾಳಿ ಒಳಹೋಗುವ ಬಾಯಿಗಳಲ್ಲಿ ಪಾರಿವಾಳಗಳು ಗೂಡು ಕಟ್ಟುತ್ತವೆ, ಅವುಗಳ ಹಿಕ್ಕೆ ಲೋಹವನ್ನು ತಿನ್ನುತ್ತದೆ. ನಮ್ಮಲ್ಲಿ ಇದರ ಮೇಲೆ ಸಂಡೂರಿನ ಅದಿರಿನ ಕೆಂಧೂಳು ಬೇರೆ. ಸಂದಿಗಳಲ್ಲಿ ಕೂತ ಧೂಳು ಮಳೆಗಾಲವಿಡೀ ತೇವ ಹಿಡಿದಿಟ್ಟುಕೊಳ್ಳುತ್ತದೆ. ಬ್ರಿಟನ್ನಿನ ವಾಯುಪಡೆ ತನ್ನ ನೆಲೆಗಳ ಬಾಗಿಲಲ್ಲಿ ನಿಲ್ಲಿಸಿದ್ದ ನಿಜವಾದ ಸ್ಪಿಟ್‌ಫೈರ್ ವಿಮಾನಗಳನ್ನು 1980ರ ದಶಕದ ಕೊನೆಯಿಂದ ಒಳಗೆ ಸಾಗಿಸಿ, ಬಯಲಲ್ಲಿ ಫೈಬರ್‌ಗ್ಲಾಸ್ ಪ್ರತಿಕೃತಿ ನಿಲ್ಲಿಸತೊಡಗಿದ್ದು ಇಂಥ ಕಾರಣಕ್ಕೇ. ವಿಮಾನ ಕಟ್ಟಲು ಬಲ್ಲ ದೇಶಕ್ಕೂ ಅದನ್ನು ಬಯಲಲ್ಲಿ ಉಳಿಸಿಕೊಳ್ಳುವುದು ಸುಲಭವಾಗಲಿಲ್ಲ.

ಆದ್ದರಿಂದ ಎತ್ತರದ, ನಾಲ್ಕು ಕಡೆಯೂ ತೆರೆದ ಒಂದು ಶೆಡ್ ಸಾಕು. ಚಕ್ರಗಳ ಮೇಲೆ ಭಾರ ಬೀಳದಂತೆ ಸ್ಟ್ಯಾಂಡಿನ ಮೇಲೆ ನಿಲ್ಲಿಸಿ, ಬಾಯಿಗಳಿಗೆ ಜಾಲರಿ ಹಾಕಿಸಿ. ತುಂಗಭದ್ರಾ ಡ್ಯಾಂ ಬದಿಯ ತೇವದ ಜಾಗ ಬೇಡ. ಹಂಪಿಯ ಸ್ಮಾರಕಗಳ ವಲಯವಂತೂ ಬೇಡವೇ ಬೇಡ, ಅಲ್ಲಿನ ಬಂಡೆಗಳ ನಡುವೆ ಹೊಸದೊಂದು ಶೆಡ್ ಏಳಬಾರದು. ಹೊಸಪೇಟೆ ಪಟ್ಟಣದೊಳಗಿನ ಯಾವುದಾದರೂ ಸರ್ಕಾರಿ ಕಾಲೇಜಿನ ಆವರಣ ನೋಡಿ. ಜಿಲ್ಲೆ ಒಡೆದ ಮೇಲೆ ಸಂಡೂರು, ಕಂಪ್ಲಿ ಬಳ್ಳಾರಿ ಜಿಲ್ಲೆಯಲ್ಲಿ ಉಳಿದಿದ್ದರೂ ಅಲ್ಲಿನ ಮಕ್ಕಳು ಬಸ್ ಹತ್ತಿ ಬರುವುದು ಇಲ್ಲಿಗೇ. ತೊಳೆಯುವ, ಬಣ್ಣ ಬಳಿಯುವ, ವರ್ಷಕ್ಕೊಮ್ಮೆ ತಪಾಸಣೆ ಮಾಡಿಸುವ ಹೊಣೆಯನ್ನು ಒಂದೇ ಕಚೇರಿಗೆ ಬರಹದಲ್ಲಿ ವಹಿಸಿ. ಹತ್ತು ಇಲಾಖೆಗಳ ಹೊಣೆ ಎಂದರೆ ಯಾರ ಹೊಣೆಯೂ ಅಲ್ಲ.

ಹಣಕ್ಕಾಗಿ ಖನಿಜ ನಿಧಿಯನ್ನು ಮುಟ್ಟಬೇಡಿ, ಅದು ಗಣಿಬಾಧಿತ ಹಳ್ಳಿಗಳ ಕುಡಿಯುವ ನೀರಿಗೆ, ಆಸ್ಪತ್ರೆಗೆ, ಶಾಲೆಗೆ ಸೇರಿದ್ದು. ಈ ಭಾಗದ ಕಾರ್ಖಾನೆಗಳನ್ನು ಕೇಳಿ, ಊರಿನ ಜನರನ್ನೂ ಕೇಳಿ, ನಾವು ಕೊಡುತ್ತೇವೆ. ಮೊದಲು ಸೂರಿಗೆ, ಫಲಕಕ್ಕೆ, ಹತ್ತು ವರ್ಷದ ನಿರ್ವಹಣೆಗೆ ಹಣ ತೆಗೆದಿರಿಸಿ. ವಾಯುಪಡೆಗೆ ಪತ್ರ ಬರೆಯುವುದು ಆಮೇಲೆ.

ಇಂತಿ,
ಹೊಸಪೇಟೆಯ ಒಬ್ಬ ನಾಗರಿಕ