ಚರಗದ ಊಟಕ್ಕೆ ಬಿಯರಿನ ಹಂಗೇಕೆ?

ನಗರಗಳಲ್ಲಿ ಓದಿ ಬಂದ ನಮ್ಮ ಕೆಲವು ತರುಣರು ಈಚೆಗೆ ಒಂದು ಹೊಸ ಮಾತನ್ನು ಆಡತೊಡಗಿರುವರು. ಹೊಲದ ನಡುವೆ ಬಿಯರು ತಯಾರಿಸುವ ಮನೆಯೊಂದನ್ನು ಕಟ್ಟಿ, ಅಲ್ಲಿಯೇ ಆಯಾ ಋತುವಿನ ಊರ ಊಟವನ್ನು ಬಡಿಸಿದರೆ, ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿಗಳ ರೈತನಿಗೆ ಭಾಗ್ಯದ ಬಾಗಿಲು ತೆರೆಯುವುದಂತೆ. ಹಂಪೆಗೆ ಬಂದ ಯಾತ್ರಿಕರು ಇತ್ತ ತಿರುಗುವರಂತೆ. ಅವರ ಉದ್ದೇಶವನ್ನು ನಾನು ಶಂಕಿಸುವುದಿಲ್ಲ. ಅವರ ಯುಕ್ತಿಯನ್ನು ಮಾತ್ರ ಒಪ್ಪಲಾರೆನು.

ನಮ್ಮ ಪೂರ್ವಿಕರೂ ಕುಡಿಯುತ್ತಿದ್ದರೆಂಬುದು ಅವರ ಮೊದಲನೆಯ ಆಧಾರ. ಕುಡಿಯುತ್ತಿದ್ದುದು ನಿಜ. ಗೌಡೀ, ಪೈಷ್ಟೀ, ಮಾಧ್ವೀ ಎಂದು ಸುರೆಯ ಮೂರು ಭೇದಗಳನ್ನು ಮನುಸ್ಮೃತಿಯೇ ಎಣಿಸಿದೆ. ಹಿಟ್ಟಿನಿಂದಾಗುವ ಪೈಷ್ಟಿಯು ಬಿಯರಿಗೆ ಹತ್ತಿರದ ಬಂಧು. ಆದರೆ ಅದೇ ಗ್ರಂಥವು ಸುರಾಪಾನವನ್ನು ಮಹಾಪಾತಕಗಳಲ್ಲಿ ಸೇರಿಸಿದೆ. ಕೌಟಿಲ್ಯನಾದರೋ ಸುರಾಧ್ಯಕ್ಷನೆಂಬ ಅಧಿಕಾರಿಯನ್ನೇ ನೇಮಿಸಿ, ನಡತೆ ತಿಳಿದವರಿಗೆ ಮಾತ್ರ, ಅದೂ ಅಲ್ಪ ಪ್ರಮಾಣದಲ್ಲಿ, ಮದ್ಯವನ್ನು ಹೊರಗೆ ಒಯ್ಯಗೊಟ್ಟನು. ಹಿಂದೆ ಇದ್ದಿತೆಂಬುದು ಬೇರೆ, ಇಂದು ಇರಬೇಕೆಂಬುದು ಬೇರೆ.

ಎರಡನೆಯ ಆಧಾರ, ಇದು ಊರಿನದೆಂಬುದು. ಇದನ್ನೇ ನಾನು ವಿಶೇಷವಾಗಿ ಆಕ್ಷೇಪಿಸುತ್ತೇನೆ. ಬಿಯರಿಗೆ ಮುಖ್ಯವಾಗಿ ಬೇಕಾದದ್ದು ಜವೆಗೋಧಿ; ಅದು ರಾಜಸ್ಥಾನ, ಉತ್ತರಪ್ರದೇಶಗಳ ಬೆಳೆ. ಕಹಿಗಾಗಿ ಬೇಕಾದದ್ದು ಹಾಪ್ಸ್ ಎಂಬ ಬಳ್ಳಿಯ ಹೂವು. ಅದು ಶೀತದೇಶದ್ದು, ನಮ್ಮ ಎರೆಹೊಲದಲ್ಲಿ ಬೆಳೆಯತಕ್ಕದ್ದಲ್ಲ. ಅಮೆರಿಕದ ನ್ಯೂಯಾರ್ಕ್ ಸಂಸ್ಥಾನವು 2012ರಲ್ಲಿ ಹೊಲದ ಬಿಯರುಮನೆಗಳಿಗೆ ಕಾನೂನು ಮಾಡಿದಾಗ, ಸಾಮಗ್ರಿಯಲ್ಲಿ ಶೇಕಡಾ 20ರಷ್ಟಾದರೂ ಆ ಸಂಸ್ಥಾನದಲ್ಲಿಯೇ ಬೆಳೆದದ್ದಿರಬೇಕೆಂದು ವಿಧಿಸಿ, 2019ರಿಂದ ಅದನ್ನು ಶೇಕಡಾ 60ಕ್ಕೆ ಏರಿಸಿತು. ಅಲ್ಲಿ ಅದು ರೈತನ ರಕ್ಷಣೆ. ನೀರೊಂದನ್ನು ಬಿಟ್ಟು ಉಳಿದುದೆಲ್ಲ ಹೊರಗಿನಿಂದ ಬರುವಲ್ಲಿ ಊರಿನ ಹೆಸರು ಕೇವಲ ಫಲಕದ ಅಲಂಕಾರ.

ಜೋಳ, ಸಜ್ಜೆಗಳನ್ನೇ ಬೆರೆಸೋಣವೆಂದರೆ, ಲೆಕ್ಕವನ್ನು ನೋಡಿರಿ. ಒಂದು ಲೀಟರು ಬಿಯರಿಗೆ ತಗಲುವ ಧಾನ್ಯವು ಕಾಲು ಕಿಲೋಗ್ರಾಮಿಗಿಂತ ಕಡಮೆ. ಅಷ್ಟು ಧಾನ್ಯ ಒಬ್ಬನ ರೊಟ್ಟಿಗೂ ಬೇಕು. ಲೀಟರಿಗೆ ನೂರಾರು ರೂಪಾಯಿ ತೆತ್ತರೂ ಹೊಲಕ್ಕೆ ಮುಟ್ಟುವುದು ಆ ಹಿಡಿಕಾಳಿನ ಬೆಲೆಯೇ. ಮಿಕ್ಕುದು ಯಂತ್ರಕ್ಕೆ, ಪರವಾನಗಿಗೆ, ಸುಂಕಕ್ಕೆ.

ಇನ್ನು ಊಟ. ಶೀಗಿ ಹುಣ್ಣಿಮೆಗೂ ಎಳ್ಳಮಾವಾಸ್ಯೆಗೂ ಬುತ್ತಿ ಕಟ್ಟಿಕೊಂಡು ಹೊಲಕ್ಕೆ ಹೋಗಿ, ಮೊದಲು ಭೂಮಿತಾಯಿಗೆ ಚರಗ ಚೆಲ್ಲಿ, ಬಳಿಕ ಬಂಧುಬಳಗದೊಡನೆ ಉಣ್ಣುವವರಿಗೆ ಋತುವಿನ ಆಹಾರವೆಂಬುದನ್ನು ಯಾರು ಕಲಿಸಬೇಕು? ಸಜ್ಜೆ ರೊಟ್ಟಿ, ಎಣ್ಣೆಗಾಯಿ, ಪುಂಡಿಪಲ್ಯ, ಅಗಸಿ ಹಿಂಡಿ, ಶೇಂಗಾ ಹೋಳಿಗೆ. ಚಳಿಯಲ್ಲಿ ಕೆಂಡದ ಮೇಲೆ ಸುಟ್ಟು ತಿಕ್ಕಿದ ಎಳೆ ಜೋಳದ ಸೀತನಿ. ಹುದುಗಿನ ರುಚಿಯನ್ನೂ ನಾವು ಅರಿಯದವರಲ್ಲ: ರಾತ್ರಿ ಹುಳಿಗಿಟ್ಟ ಅಂಬಲಿಗೆ ಮಜ್ಜಿಗೆ ಬೆರೆಸಿ ಕುಡಿದವನನ್ನು ಮತ್ತೊಬ್ಬರು ಮನೆಗೆ ಹೊತ್ತು ತರಬೇಕಾಗಿಲ್ಲ. ಈ ಊಟಕ್ಕೆ ಕೊರತೆಯಿರುವುದು ಪಾನೀಯದ್ದಲ್ಲ, ಧಾನ್ಯದ್ದು. ಹಡಗಲಿ, ಹರಪನಹಳ್ಳಿಗಳ ಹೊಲಗಳನ್ನು ಮೆಕ್ಕೆಜೋಳವು ಆವರಿಸಿದೆ. 2023ನ್ನು ಜಗತ್ತೇ ಸಿರಿಧಾನ್ಯದ ವರ್ಷವೆಂದು ಆಚರಿಸಿತು. ನಮ್ಮ ನವಣೆಯನ್ನು ಕೊಳ್ಳುವವರು ಹೆಚ್ಚಿದರೇ?

ಕಡೆಯ ಮಾತೊಂದುಂಟು, ಅದೇ ಮುಖ್ಯ. ಮದರಾಸು ಪ್ರಾಂತದಲ್ಲಿದ್ದ ನಮ್ಮ ಈ ನಾಡು 1948ರ ಹೊತ್ತಿಗೆ ಪಾನನಿರೋಧವನ್ನು ಕಂಡಿತ್ತು. 1967ರಲ್ಲಿ ಮೈಸೂರು ಸರಕಾರವು ಅದನ್ನು ಸಡಿಲಿಸಿತು. 2007ರ ಜುಲೈ 1ರಿಂದ ಸಾರಾಯಿ ನಿಂತಿತು. ಕುಡಿತವು ನಿಲ್ಲಲಿಲ್ಲ, ಕೂಲಿಯ ಹಣವು ಬೇರೆ ಅಂಗಡಿಗೆ ನಡೆಯಿತು. 2016ರಲ್ಲಿ ಕೂಡ್ಲಿಗಿಯಲ್ಲಿಯೇ, ಅಂಬೇಡ್ಕರ್ ಭವನದ ಬಳಿಯ ಮದ್ಯದಂಗಡಿಯ ವಿವಾದದ ನಡುವೆ ಪೊಲೀಸ್ ಅಧಿಕಾರಿಣಿಯೊಬ್ಬರು ರಾಜೀನಾಮೆಯಿತ್ತುದನ್ನು ಮರೆತಿರುವಿರಾ? ಪಾನನಿರೋಧಕ್ಕೆ ಯತ್ನಿಸಬೇಕೆಂದು ಸಂವಿಧಾನದ 47ನೆಯ ವಿಧಿಯು ರಾಜ್ಯಕ್ಕೆ ಹೇಳುತ್ತಿದೆ. ಬಡವನ ಸಾರಾಯಿಯನ್ನು ಅವನ ಹಿತಕ್ಕಾಗಿ ಕಿತ್ತುಕೊಂಡು, ಉಳ್ಳವನ ಬಿಯರನ್ನು ರೈತನ ಹಿತಕ್ಕಾಗಿ ತರುವುದು ಯಾವ ನೀತಿ? ಆ ಹೊಲದ ಬೇಲಿಯಾಚೆ ನಿಂತು ನೋಡುವವನು ಕೂಲಿಕಾರನ ಮಗನೇ ಅಲ್ಲವೆ?

ಆದುದರಿಂದ ಹಣವುಳ್ಳ ತರುಣರಿಗೆ ನನ್ನ ವಿಜ್ಞಾಪನೆಯಿಷ್ಟೆ. ಹೊಲದಲ್ಲಿ ಮನೆಯನ್ನು ಅವಶ್ಯವಾಗಿ ಕಟ್ಟಿರಿ. ಸಜ್ಜೆ ನವಣೆಗಳನ್ನು ಬೆಳೆದವನಿಂದ ನ್ಯಾಯವಾದ ಬೆಲೆಗೆ ಕೊಳ್ಳಿರಿ. ರೊಟ್ಟಿ ಬಡಿಯುವ ತಾಯಂದಿರಿಗೆ ತಕ್ಕ ಕೂಲಿಯನ್ನು ಕೊಡಿರಿ. ಅಂಬಲಿಯನ್ನೂ ಹುಣಸೆಯ ಪಾನಕವನ್ನೂ ತಂಬಿಗೆ ತುಂಬ ಇಡಿರಿ. ಅಂಥ ಪಂಕ್ತಿಯಲ್ಲಿ ಹೆಂಗಸರು ಮಕ್ಕಳೆಲ್ಲರೂ ಅಳುಕಿಲ್ಲದೆ ಕುಳಿತು ಉಣ್ಣಬಹುದು. ಬಿಯರಿಲ್ಲದೆ ಅತಿಥಿಗಳು ಬರುವುದಿಲ್ಲವೆನ್ನುವಿರಾದರೆ, ನೀವು ಮಾರಹೊರಟಿದ್ದು ನಮ್ಮ ಊಟವನ್ನಲ್ಲವೆಂದು ನೀವೇ ಒಪ್ಪಿದಂತಾಯಿತು.