ಹೆಣ್ಣು ಜೀವ ಗಟ್ಟಿ ಅಂತೀರಲ್ಲ...

ನಮ್ಮ ಕಡೆ ಹೆಂಗಸರಿಗೆ ಪೆಟ್ಟಾದರೆ ಒಂದು ಮಾತು ಬಂದೇ ಬರುತ್ತೆ: "ಹೆಣ್ಣು ಜೀವ ಗಟ್ಟಿ, ಏನಾಗಲ್ಲ ಬಿಡಿ." ಬಚ್ಚಲಲ್ಲಿ ಜಾರಿಬಿದ್ದ ಅಜ್ಜಿಗೂ ಅದೇ ಸಮಾಧಾನ. ಇದರಲ್ಲಿ ಹುರುಳಿದೆಯಾ ಅಂತ ಹುಡುಕುತ್ತಾ ಹೋದೆ. ಸಿಕ್ಕಿದ್ದು ಅರ್ಧ ಸತ್ಯ.

ದೊಡ್ಡ ಪೆಟ್ಟಾಗಿ ತುಂಬಾ ರಕ್ತ ಹೋದಾಗ ಮೈಯ ರೋಗನಿರೋಧಕ ವ್ಯವಸ್ಥೆ ಕೆರಳಿ ಉರಿಯೂತ ಎಬ್ಬಿಸುತ್ತೆ, ಜೊತೆಗೇ ಮಂಕೂ ಆಗುತ್ತೆ. ಆ ಹೊತ್ತಲ್ಲಿ ಸೋಂಕು ಹೊಕ್ಕರೆ ನಂಜೇರಿ ಜೀವಕ್ಕೇ ಕುತ್ತು. 1990ರ ದಶಕದಿಂದ ಇರ್ಷಾದ್ ಚೌಧರಿ ಮತ್ತವರ ಸಂಗಡಿಗರು ಇಲಿಗಳಲ್ಲಿ ಇದನ್ನೇ ನೋಡಿದರು. ಗಂಡಿಲಿಗಳ ನಿರೋಧಕ ಕಣಗಳು ಸೋತವು. ಮೊದಲೇ ಬೀಜ ತೆಗೆದ, ಅಂದರೆ ಟೆಸ್ಟೋಸ್ಟೀರಾನ್ ಇಲ್ಲದ ಗಂಡಿಲಿಗಳದ್ದು ಸೋಲಲಿಲ್ಲ. ಈಸ್ಟ್ರೋಜನ್ ಏರಿದ್ದ ದಿನಗಳಲ್ಲಿ ಹೆಣ್ಣಿಲಿಗಳೂ ತಡೆದುಕೊಂಡವು. ಅಂಡಾಶಯ ತೆಗೆದರೆ ಆ ಬಲ ಹೋಯಿತು.

ಗಮನಿಸಿದಿರಾ? ಗಟ್ಟಿ ಇದ್ದದ್ದು 'ಹೆಣ್ಣು ಜೀವ' ಅಲ್ಲ, ಆ ದಿನದ ಹಾರ್ಮೋನು. ಮುಟ್ಟು ನಿಂತ ಮೇಲೆ ಈಸ್ಟ್ರೋಜನ್ ಕುಸಿಯುತ್ತೆ, ಮೂಳೆಯೂ ಸವೆಯುತ್ತೆ. ಹಾಗಾದರೆ ಬಚ್ಚಲಲ್ಲಿ ಬಿದ್ದ ಅಜ್ಜಿಗೆ ಯಾವ ಗಟ್ಟಿತನ ಸ್ವಾಮಿ?

ಇನ್ನು ಇಲಿಗೆ ಆದದ್ದೆಲ್ಲ ಮನುಷ್ಯರಿಗೂ ಆಗಬೇಕಲ್ಲ. ಡೊನಾಲ್ಡ್ ಸ್ಟೈನ್ ಅವರು ಹೆಣ್ಣಿಲಿಗಳು ಮೆದುಳಿನ ಪೆಟ್ಟಿನಿಂದ ಚೆನ್ನಾಗಿ ಚೇತರಿಸಿಕೊಳ್ಳುವುದನ್ನು ಕಂಡು ಪ್ರೊಜೆಸ್ಟರಾನ್ ಹಾರ್ಮೋನಿನ ಬೆನ್ನು ಹತ್ತಿದರು. 2007ರಲ್ಲಿ ಪ್ರಕಟವಾದ 100 ರೋಗಿಗಳ ಸಣ್ಣ ಪ್ರಯೋಗ ಆಸೆ ಹುಟ್ಟಿಸಿತು. ಆದರೆ 2014ರಲ್ಲಿ ಬಂದ ಎರಡು ದೊಡ್ಡ ಪ್ರಯೋಗಗಳಲ್ಲಿ (882 ಮತ್ತು 1195 ರೋಗಿಗಳು) ಔಷಧಿ ಕೊಟ್ಟವರಿಗೂ ಕೊಡದವರಿಗೂ ವ್ಯತ್ಯಾಸವೇ ಕಾಣಲಿಲ್ಲ.

ಹಾಗಂತ ಗಂಡು-ಹೆಣ್ಣಿನ ವ್ಯತ್ಯಾಸವನ್ನೇ ಕೇಳಬಾರದು ಅಂತ ಅಲ್ಲ. ಕೇಳದೇ ಇದ್ದದ್ದೇ ದೊಡ್ಡ ತಪ್ಪು. 2009ರ ನರವಿಜ್ಞಾನ ಪ್ರಬಂಧಗಳನ್ನು ಲೆಕ್ಕ ಹಾಕಿದಾಗ, ಬರೀ ಗಂಡು ಪ್ರಾಣಿಗಳ ಮೇಲೆ ನಡೆದ ಅಧ್ಯಯನಗಳು ಬರೀ ಹೆಣ್ಣಿನ ಮೇಲೆ ನಡೆದವಕ್ಕಿಂತ ಐದೂವರೆ ಪಟ್ಟು ಇದ್ದವಂತೆ! ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆ ತನ್ನ ದುಡ್ಡಿನ ಸಂಶೋಧನೆಗಳಲ್ಲಿ ಲಿಂಗವನ್ನೂ ಲೆಕ್ಕಕ್ಕೆ ತಗೊಳ್ಳಿ ಅಂತ ನಿಯಮ ತಂದದ್ದು 2016ರಲ್ಲಿ. ಅದೂ ಇಷ್ಟು ತಡವಾಗಿ.

ನನ್ನ ವಾದ ಇಷ್ಟೇ. ಪ್ರಯೋಗಾಲಯದಲ್ಲಿ ಈ ವ್ಯತ್ಯಾಸವನ್ನು ಬಿಡದೆ ಕೇಳಬೇಕು. ಮನೆಯಲ್ಲಿ ಮಾತ್ರ ಅದನ್ನು ನೆಪ ಮಾಡಿಕೊಂಡು ಆಸ್ಪತ್ರೆಗೆ ಹೋಗೋದನ್ನು ನಾಳೆಗೆ ಹಾಕಬಾರದು. 'ಗಟ್ಟಿ' ಅನ್ನೋದು ಹೊಗಳಿಕೆ ಥರ ಕೇಳಿಸುತ್ತೆ; ಎಷ್ಟೋ ಸಲ ಅದು ಆಟೋ ಕರೆಯದೇ ಇರೋದಕ್ಕೆ ನಾವು ಕೊಟ್ಟುಕೊಳ್ಳೋ ಕಾರಣ.

ನೀವೇನಂತೀರಿ?